ಹೊಸ ಜನ್ಮ, ಹಳೆಯ ಬಾಕಿ

ಅಪ್ಪ ಅಮ್ಮ ತೀರಿಹೋಗಿದ್ದಾರೆ. 34 ವರ್ಷದ ಮಗ ಅಂತ್ಯಕ್ರಿಯೆಗೂ ಹೋಗದೆ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಾನೆ. ನೋಡುತ್ತಿರುವುದಾದರೂ ನಾಲ್ಕು ಜನರ ಎದುರು ಹೇಳುವಂಥದ್ದಲ್ಲ. ಶಾಲೆಯಲ್ಲಿ ಸಹಪಾಠಿಗಳ ಕೈಯಲ್ಲಿ ಅವಮಾನ ಉಂಡು ಮನೆ ಸೇರಿದವನು ಆಮೇಲೆ ಹೊರಗೆ ಬಂದದ್ದೇ ಇಲ್ಲ. ವರ್ಷಗಟ್ಟಲೆ ಹೆತ್ತವರ ದುಡಿಮೆಯಲ್ಲಿ ಉಂಡಿದ್ದಾನೆ. ಒಡಹುಟ್ಟಿದವರು ಹೊಡೆದು ಬೀದಿಗೆ ಅಟ್ಟುತ್ತಾರೆ. ಅದೇ ದಿನ ಲಾರಿಯಡಿ ಸಿಕ್ಕಲಿದ್ದ ಹೈಸ್ಕೂಲ್ ಮಕ್ಕಳನ್ನು ಉಳಿಸಲು ನುಗ್ಗಿ ಸಾಯುತ್ತಾನೆ. ಸತ್ತವನು ಕತ್ತಿ, ಮಂತ್ರ, ರಾಕ್ಷಸರ ಇನ್ನೊಂದು ಲೋಕದಲ್ಲಿ ರೂಡಿಯಸ್ ಗ್ರೇರಾಟ್ ಎಂಬ ಕೂಸಾಗಿ ಕಣ್ಣು ಬಿಡುತ್ತಾನೆ, ಹಿಂದಿನ ಬದುಕಿನ ನೆನಪೆಲ್ಲ ಹಾಗೇ ಇದೆ.

ರಿಫುಜಿನ್ ನಾ ಮಾಗೊನೊಟೆ ಎಂಬ ಕಾವ್ಯನಾಮದ ಜಪಾನಿ ಲೇಖಕ 2012ರಲ್ಲಿ ಧಾರಾವಾಹಿಯಾಗಿ ಶುರುಮಾಡಿದ ‘ಮುಶೊಕು ತೆನ್ಸೆಯ್’ ಆರಂಭವಾಗುವುದು ಹೀಗೆ. ಪುಸ್ತಕರೂಪದಲ್ಲಿ ಅದು 26 ಸಂಪುಟಗಳಿಗೆ ಬೆಳೆಯಿತು, 2021ರಲ್ಲಿ ಅನಿಮೆಯಾಗಿಯೂ ಬಂತು. ಸತ್ತು ಬೇರೆ ಲೋಕದಲ್ಲಿ ಹುಟ್ಟುವ ‘ಇಸೆಕೈ’ ಕಥೆಗಳ ಇಂದಿನ ಸುಗ್ಗಿಗೆ ದಾರಿ ಮಾಡಿದ ಕೃತಿಗಳ ಪೈಕಿ ಇದನ್ನು ಎಣಿಸುತ್ತಾರೆ. ಇದರ ಬಗ್ಗೆ ನಡೆಯುವ ಜಗಳವೂ ಅಷ್ಟೇ ದೊಡ್ಡದು. ಇಂಥವನಿಗೆ ಉದ್ಧಾರವಾಗುವ ಯೋಗ್ಯತೆ ಇದೆಯೇ ಎಂಬುದೇ ಆ ಜಗಳ.

ನನಗೆ ಆ ಪ್ರಶ್ನೆಯೇ ಸೊಟ್ಟಗೆ ಕಾಣುತ್ತದೆ. ಯೋಗ್ಯತೆಯ ತೀರ್ಪು ಕೊಡಬೇಕಾದವರು ಯಾರು? ಪುಟ ತಿರುಗಿಸುವ ನಾನಲ್ಲ, ಅವನಿಂದ ನೊಂದವರು. ಮರುಹುಟ್ಟಿನ ಕಥೆಯಾದರೋ ಮೊದಲ ಅಧ್ಯಾಯದಲ್ಲೇ ನೊಂದವರನ್ನು ಆಚೆ ಲೋಕದಲ್ಲಿ ಬಿಟ್ಟು ಬಂದಿರುತ್ತದೆ. ಅಣ್ಣತಮ್ಮಂದಿರ ಕಣ್ಣಿನಲ್ಲಿ ಆ ಮನುಷ್ಯ ಖಳ. ಅವರಿಗೆ ಈ ಕಾದಂಬರಿಯಲ್ಲಿ ಮತ್ತೆ ಮಾತಿಲ್ಲ. ಅವನು ಒಳ್ಳೆಯವನಾದನೆಂಬ ಸುದ್ದಿ ಅವರಿಗೆ ಮುಟ್ಟುವುದೂ ಇಲ್ಲ. ಹೀಗಾಗಿ ಬಾಕಿ ತೀರಿಸುವ ಅವಕಾಶ ಅವನಿಗೂ ಸಿಗುವುದಿಲ್ಲ, ತೀರಿಸಬೇಕಾದ ಒತ್ತಡವೂ ಇರುವುದಿಲ್ಲ. ಪ್ರಾಯಶ್ಚಿತ್ತ ಎಂದು ಕಥೆ ಕರೆಯುವುದು ಬಹುತೇಕ ಊರು ಬಿಟ್ಟು ಹೋಗುವುದನ್ನು.

ಇಷ್ಟು ಹೇಳಿದ ಮೇಲೆ ಕೃತಿಯ ಶಕ್ತಿಯನ್ನೂ ಒಪ್ಪಬೇಕು. ಮನೆಯ ಗೇಟು ದಾಟಲು ಹೆದರುವ ಹುಡುಗನನ್ನು ಗುರು ರಾಕ್ಸಿ ಕುದುರೆ ಹತ್ತಿಸಿ ಊರಾಚೆ ಕರೆದೊಯ್ಯುವ ಭಾಗವಿದೆ. ಅವಳಿಗೆ ಅದೊಂದು ಸಾಮಾನ್ಯ ಪಾಠ. ಅವನಿಗೆ ಅದು ಹಿಂದಿನ ಜನ್ಮದಲ್ಲಿ ದಾಟಲಾಗದ ಹೊಸ್ತಿಲು. ಹಳ್ಳಿಯವರು ಯಾರೂ ಅವನನ್ನು ನೋಡಿ ನಗುವುದಿಲ್ಲ, ಅಷ್ಟಕ್ಕೇ ಅವನ ಕಣ್ಣು ತುಂಬುತ್ತದೆ. ಹೆದರಿದವನೊಬ್ಬ ಧೈರ್ಯ ಕಲಿಯುವುದನ್ನು ಲೇಖಕ ಇಷ್ಟು ಸಣ್ಣ ಘಟನೆಯಲ್ಲಿ ತೋರಿಸಬಲ್ಲ. ತೊಡಕು ಏನೆಂದರೆ, ಹೆದರಿಕೆ ಬಿಟ್ಟದ್ದು ಬೇರೆ, ಕೆಟ್ಟತನ ಬಿಟ್ಟದ್ದು ಬೇರೆ. ಈ ಕೃತಿ ಮೊದಲನೆಯದನ್ನು ಶ್ರದ್ಧೆಯಿಂದ ಬರೆದು ಎರಡನೆಯದನ್ನು ನಗೆಚಾಟಿಕೆ ಮಾಡಿಬಿಡುತ್ತದೆ. ನಡುವಯಸ್ಸಿನ ಆ ಗಂಡಸಿನ ಹೊಲಸು ಕಣ್ಣು ಬಾಲಕನ ಮೈಯಲ್ಲೂ ಹಾಗೇ ಉಳಿದಿದೆ. ಸುತ್ತಲಿನ ಹೆಣ್ಣುಮಕ್ಕಳ ಜತೆಗಿನ ಅವನ ವರ್ತನೆಗೆ ಶಿಕ್ಷೆಯೆಂದರೆ ಆಗೀಗ ಬೀಳುವ ಒಂದು ಏಟು, ಅದೂ ಓದುಗ ನಗಲಿ ಎಂದು. ‘ಅವನು ನಿಧಾನವಾಗಿ ಬದಲಾಗುತ್ತಾನೆ, ತಾಳ್ಮೆ ಬೇಕು’ ಎಂಬುದು ಅಭಿಮಾನಿಗಳ ಸಮಾಧಾನ. ಕುಡಿತ, ಸೋಮಾರಿತನ, ಹೇಡಿತನದ ವಿಷಯದಲ್ಲಾದರೆ ಆ ತಾಳ್ಮೆಯನ್ನು ಒಪ್ಪಬಹುದಿತ್ತು. ಇಲ್ಲಿ ತಾಳಿಕೊಳ್ಳುತ್ತಿರುವವರು ಆ ಹೆಣ್ಣುಮಕ್ಕಳೇ ಹೊರತು ನಾವಲ್ಲ.

ಈ ಕಾದಂಬರಿಯಲ್ಲಿ ನಿಜವಾದ ಪ್ರಾಯಶ್ಚಿತ್ತದ ಹತ್ತಿರ ಬರುವ ಒಂದು ಎಳೆ ಇದೆ, ಅದು ರೂಡಿಯಸ್‌ನ ತಂದೆ ಪಾಲ್‌ನದು. ಪಾಲ್ ಹೆಣ್ಣಿನ ವಿಷಯದಲ್ಲಿ ಸಡಿಲ, ಮನೆಗೆಲಸದ ಲಿಲಿಯಾಳನ್ನು ಬಸಿರು ಮಾಡಿದವನು. ಮಂತ್ರಶಕ್ತಿಯ ಅನಾಹುತದಲ್ಲಿ ಸಂಸಾರ ಲೋಕದ ಮೂಲೆಮೂಲೆಗೆ ಚದುರಿದಾಗ ಹುಡುಕಲು ಹೊರಟವನೂ ಅವನೇ. ದೂರದ ಊರಿನಲ್ಲಿ ಅಪ್ಪ ಮಗ ಎದುರಾದಾಗ ಇಬ್ಬರೂ ಪರಸ್ಪರ ಹಂಗಿಸಿ, ಕೈಮಾಡಿ, ಮುಖ ತಿರುಗಿಸಿ, ಮತ್ತೆ ಬಂದು ಕೂತು ಮಾತಾಡುತ್ತಾರೆ. ಕೊನೆಗೆ ಹೆಂಡತಿಯನ್ನು ಬಿಡಿಸುವ ಹೋರಾಟದಲ್ಲಿ, ಮಗನನ್ನು ಉಳಿಸಿ, ಪಾಲ್ ಸಾಯುತ್ತಾನೆ. ಹಿಂದಿನ ಜನ್ಮದಲ್ಲಿ ಹೆತ್ತವರು ಸತ್ತಾಗ ಕುರ್ಚಿಯಿಂದ ಏಳದ ಮನುಷ್ಯ ಈ ತಂದೆಯ ಸಾವಿಗೆ ಊಟ ಮಾತು ಬಿಟ್ಟು ಕುಸಿದುಬೀಳುತ್ತಾನೆ. ಪಾಲ್‌ಗೆ ಇಲ್ಲಿ ಮರುಹುಟ್ಟು ಇಲ್ಲ. ತಪ್ಪು ಮಾಡಿದ ಮನೆಯಲ್ಲೇ, ತಪ್ಪು ಕಂಡವರ ಎದುರೇ ಬಾಳಿ ಸಾಯುತ್ತಾನೆ. ಇಡೀ ಕೃತಿಯಲ್ಲಿ ನಾನು ಒಪ್ಪುವ ಉದ್ಧಾರ ಅವನದು.

‘ಖಳನಾಯಕಿ’ ಕಥೆಗಳು ಇದೇ ತೊಡಕನ್ನು ಇನ್ನೊಂದು ಉಪಾಯದಿಂದ ತಪ್ಪಿಸಿಕೊಳ್ಳುತ್ತವೆ. ಸತೋರು ಯಾಮಾಗುಚಿ ಬರೆದ, 2020ರಲ್ಲಿ ಅನಿಮೆಯಾದ ‘ಮೈ ನೆಕ್ಸ್ಟ್ ಲೈಫ್ ಆ್ಯಸ್ ಎ ವಿಲನೆಸ್’ನಲ್ಲಿ ಎಂಟು ವರ್ಷದ ಕತರೀನಾ ಕ್ಲೇಸ್ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಾಗ, ತಾನು ಹಿಂದೆ ಆಡಿದ್ದ ಪ್ರೇಮದ ವಿಡಿಯೋ ಗೇಮ್‌ನೊಳಗೇ ಹುಟ್ಟಿದ್ದೇನೆ, ಅದೂ ಖಳನಾಯಕಿಯಾಗಿ, ಎಂಬುದು ನೆನಪಾಗುತ್ತದೆ. ಮುಂದೆ ಗಡೀಪಾರು ಇಲ್ಲವೇ ಸಾವು. ಗಡೀಪಾರಾದರೆ ಹೊಟ್ಟೆಪಾಡಿಗಿರಲಿ ಎಂದು ಅರಮನೆಯಂಥ ಮನೆಯ ತೋಟದಲ್ಲಿ ಗುದ್ದಲಿ ಹಿಡಿದು ತರಕಾರಿ ಬೆಳೆಯುತ್ತಾಳೆ. ರಾಜಕುಮಾರನಿಗೆ ಹಾವೆಂದರೆ ಭಯ ಎಂದು ತಿಳಿದು ಆಟಿಕೆಯ ಹಾವು ಮಾಡಿಟ್ಟುಕೊಳ್ಳುತ್ತಾಳೆ. ನಾನು ಇದನ್ನು ಹೊಟ್ಟೆತುಂಬ ನಕ್ಕು ನೋಡಿದ್ದೇನೆ, ಮತ್ತೆ ನೋಡಲೂ ತಯಾರಿದ್ದೇನೆ. ಉದ್ಧಾರದ ಕಥೆ ಮಾತ್ರ ಇದಲ್ಲ. ಹಟಮಾರಿ ಮಗು ಎಂಬುದನ್ನು ಬಿಟ್ಟರೆ ಕತರೀನಾ ಮಾಡಿದ ಪಾಪವಾದರೂ ಏನು? ಮುಂದೆ ಮಾಡಬಹುದಾಗಿದ್ದ ಅಪರಾಧಗಳಿಗೆ ಈಗಲೇ ಕ್ಷಮೆ ಪಡೆಯುತ್ತಾಳೆ, ಅಷ್ಟೆ. ‘ಖಳನಾಯಕಿ’ ಎಂಬುದು ಇಲ್ಲಿ ಖಾಲಿ ಕುರ್ಚಿಯ ಮೇಲೆ ಬರೆದಿಟ್ಟ ಹೆಸರು.

ಚೀನಾದ ಮೋ ಶಿಯಾಂಗ್ ತೊಂಗ್ ಶಿಯು ಈ ಜಾಣತನವನ್ನು ಕಂಡುಹಿಡಿದವರಂತೆ ಬರೆದಿದ್ದಾರೆ. ಅವರ ‘ಸ್ಕಮ್ ವಿಲನ್ಸ್ ಸೆಲ್ಫ್-ಸೇವಿಂಗ್ ಸಿಸ್ಟಮ್’ನಲ್ಲಿ ಕಾದಂಬರಿಯೊಂದನ್ನು ಬೈದುಕೊಂಡೇ ಓದಿ ಮುಗಿಸಿದ ಯುವಕ ಸತ್ತು, ಅದೇ ಕಾದಂಬರಿಯ ಖಳ ಗುರು ಶೆನ್ ಚಿಂಗ್‌ಚಿಯೂನ ಮೈಯಲ್ಲಿ ಎಚ್ಚರಗೊಳ್ಳುತ್ತಾನೆ. ಶಿಷ್ಯ ಲುವೊ ಬಿಂಗ್‌ಹಯನ್ನು ಹಿಂಸಿಸಿದವನು ಹಳೆಯ ಬಾಡಿಗೆದಾರ. ಮನೆ ಈಗ ಹೊಸಬನ ಕೈಯಲ್ಲಿದೆ, ಆದರೂ ಸಾಲ ಕೇಳುವವರು ಬರುವುದು ಇವನ ಬಾಗಿಲಿಗೇ. ಇದು ಬರೀ ತಮಾಷೆಯಾಗಿ ಮುಗಿಯಬಹುದಿತ್ತು. ಲೇಖಕಿ ಹಾಗೆ ಬಿಡುವುದಿಲ್ಲ. ಕಥೆಯ ಕಟ್ಟಳೆಗೆ ಸಿಕ್ಕಿ ಈ ಹೊಸಬನೇ ತನ್ನ ಕೈಯಾರೆ ಶಿಷ್ಯನನ್ನು ಪಾತಾಳಕ್ಕೆ ತಳ್ಳಬೇಕಾಗುತ್ತದೆ. ಆ ಕ್ಷಣದಿಂದ ಬಾಕಿ ಅವನದೇ. ತಳ್ಳಿಸಿಕೊಂಡವನೂ ಸತ್ತಿಲ್ಲ, ಉತ್ತರ ಕೇಳಲು ತಿರುಗಿ ಬರುತ್ತಾನೆ.

ನೊಂದವರು ಎದುರಿಗಿರಬೇಕು ಎಂಬ ನನ್ನ ಹಟಕ್ಕೆ ಹೆಚ್ಚು ಒಗ್ಗುವುದು ನೊಝೊಮು ಮೊಚಿತ್ಸುಕಿಯ ‘ಟಿಯರ್‌ಮೂನ್ ಎಂಪೈರ್’. ಹೆಚ್ಚು ಪ್ರಚಾರವಿಲ್ಲದ ಕೃತಿ, 2023ರಲ್ಲಿ ಅನಿಮೆಯಾಯಿತು. ಕಟ್ಟುನಿಟ್ಟಾಗಿ ನೋಡಿದರೆ ಇದು ಮರುಹುಟ್ಟೂ ಅಲ್ಲ, ಕಾಲ ಹಿಂದಕ್ಕೆ ಉರುಳಿದ ಕಥೆ. ರಾಜಕುಮಾರಿ ಮಿಯಾ ಬರಗಾಲ, ದಂಗೆ, ಸೆರೆವಾಸ ಎಲ್ಲ ಕಂಡು 20ನೇ ವಯಸ್ಸಿನಲ್ಲಿ ಗಿಲೊಟಿನ್‌ಗೆ ತಲೆ ಕೊಟ್ಟವಳು, 12 ವರ್ಷದವಳಾಗಿ ಹಾಸಿಗೆಯಲ್ಲಿ ಎದ್ದು ಕೂರುತ್ತಾಳೆ. ದಿಂಬಿನ ಬಳಿ ರಕ್ತ ಮೆತ್ತಿದ ಅವಳದೇ ದಿನಚರಿ. ಇಲ್ಲಿ ಲೋಕ ಬದಲಾಗಿಲ್ಲ. ತರಕಾರಿ ಬಡಿಸಿದನೆಂದು ಕೆಲಸದಿಂದ ತೆಗೆಸಿದ್ದ ಅಡುಗೆಯವ ಇನ್ನೂ ಅಡುಗೆಮನೆಯಲ್ಲೇ ಇದ್ದಾನೆ. ಕಾಲಕಸ ಮಾಡಿದ್ದ ಗಡಿನಾಡ ಕೌಂಟ್‌ನ ಮಗಳು ತಿಯೋನಾ ಮುಂದೆ ಎದುರಾಗಲಿದ್ದಾಳೆ. ಎಲ್ಲರೂ ಕೈಬಿಟ್ಟಾಗ ಸೆರೆಮನೆಗೆ ಬಂದು ಅವಳ ಆರೈಕೆ ಮಾಡಿದ್ದ ದಾಸಿ ಆನ್ ಕೂಡ ಕಣ್ಣಮುಂದೆ ಓಡಾಡುತ್ತಿದ್ದಾಳೆ.

ಸೊಗಸಿರುವುದು ಇಲ್ಲಿ. ನೆನಪು ಮಿಯಾಳಿಗೊಬ್ಬಳಿಗೇ. ನೊಂದವರಿಗೆ ತಾವು ನೊಂದದ್ದೇ ಗೊತ್ತಿಲ್ಲ, ಉಪಕಾರ ಮಾಡಿದವಳಿಗೆ ಉಪಕಾರದ ನೆನಪಿಲ್ಲ. ಕ್ಷಮಿಸಿ ಎಂದರೆ ಯಾರಿಗೂ ಅರ್ಥವಾಗದು, ಹಾಗಾಗಿ ಮಾತಿನ ದಾರಿಯೇ ಮುಚ್ಚಿದೆ. ಉಳಿದದ್ದು ಕೆಲಸ. ಆನ್‌ಳನ್ನು ತನ್ನ ಖಾಸಾ ದಾಸಿಯಾಗಿ ಮಾಡಿಕೊಳ್ಳುತ್ತಾಳೆ, ಯಾಕೆಂದು ಆನ್‌ಳಿಗೆ ತಿಳಿಯದು. ಹಿಂದೆ ಚುಚ್ಚಿ ಮಾತಾಡುತ್ತಿದ್ದ ಅಧಿಕಾರಿ ಲುಡ್ವಿಗ್‌ನನ್ನು ಹುಡುಕಿ ಬೊಕ್ಕಸದ ಲೆಕ್ಕ ಸರಿಪಡಿಸಲು ಹಚ್ಚುತ್ತಾಳೆ. ಇದನ್ನೆಲ್ಲ ಅವಳು ಮಾಡುವುದು ಕರುಣೆಯಿಂದಲ್ಲ, ಕತ್ತು ಉಳಿಸಿಕೊಳ್ಳಲು. ಜನ ಅವಳನ್ನು ಮಹಾಜ್ಞಾನಿ ಎಂದು ಹೊಗಳುವಾಗಲೆಲ್ಲ ನಿರೂಪಕ ಅವಳ ಸ್ವಾರ್ಥವನ್ನು ಎತ್ತಿ ತೋರಿಸಿ ಗೇಲಿ ಮಾಡುತ್ತಾನೆ. ಈ ಗೇಲಿ ಕೆಲವೆಡೆ ಅತಿಯಾಗಿ, ಒಂದೇ ಹಾಸ್ಯ ಹತ್ತು ಸಲ ಬಂದು ಬೇಸರವನ್ನೂ ತರುತ್ತದೆ. ಆದರೆ ಅದರಿಂದಲೇ ಓದುಗ ಅವಳನ್ನು ಸಂತಳೆಂದು ಪೂಜಿಸದೆ ಉಳಿಯುತ್ತಾನೆ. ಸ್ವಾರ್ಥಕ್ಕೆಂದು ಶುರುವಾದ ಒಳ್ಳೆಯ ಕೆಲಸ ಬರಬರುತ್ತಾ ಅಭ್ಯಾಸವಾಗುವುದನ್ನು ಲೇಖಕ ಎಲ್ಲೂ ಘೋಷಿಸದೆ ನಡೆಸಿಕೊಂಡು ಹೋಗಿದ್ದಾನೆ. ಅವಳ ಮನಸ್ಸು ಶುದ್ಧವಾಯಿತೇ ಎಂದು ನಾನು ಕೇಳಲಾರೆ. ಹಸಿದವರಿಗೆ ಧಾನ್ಯ ಸಿಗುವ ಏರ್ಪಾಡಾಯಿತೇ ಎಂದು ಕೇಳುತ್ತೇನೆ.

ಮರುಹುಟ್ಟಿನ ಕಥೆ ಎಂದಾಗ ಕನ್ನಡದ ಓದುಗನಿಗೆ ಜನ್ನ ನೆನಪಾಗದೆ ಇರುವುದಿಲ್ಲ. 1209ರ ‘ಯಶೋಧರ ಚರಿತೆ’ಯಲ್ಲಿ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರ ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ಕೊಲ್ಲುವ ಸಂಕಲ್ಪವೊಂದಕ್ಕೇ ತಾಯಿ ಮಗ ಇಬ್ಬರೂ ನವಿಲು ನಾಯಿಯಾಗಿ, ಹಾವಾಗಿ, ಮೀನಾಗಿ, ಆಡಾಗಿ, ಕೋಳಿಯಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಜಪಾನಿ ಕಥೆಗಳಿಗೆ ಇದು ತೀರಾ ಎದುರು. ಹೊಸ ಜನ್ಮ ಇಲ್ಲಿ ದೂರದ ಲೋಕಕ್ಕೆ ಕಳಿಸುವುದಿಲ್ಲ, ಹಳೆಯ ಅರಮನೆಗೇ ಎಳೆತರುತ್ತದೆ. ನಾಯಿಯಾದ ತಾಯಿ ನವಿಲಾದ ಮಗನನ್ನೇ ಕೊಲ್ಲುತ್ತಾಳೆ. ಕೋಳಿಗಳಾಗಿದ್ದಾಗ ಬಾಣ ಬಿಟ್ಟು ಕೊಂದ ಯಶೋಮತಿ ಯಶೋಧರನ ಮಗ, ಅವನ ಅವಳಿ ಮಕ್ಕಳಾಗಿಯೇ ಇಬ್ಬರೂ ಮತ್ತೆ ಹುಟ್ಟುತ್ತಾರೆ. ಕೊಂದವರು, ಸತ್ತವರು, ನೋಡಿದವರು ಯಾರೂ ಒಬ್ಬರಿಂದೊಬ್ಬರು ತಪ್ಪಿಸಿಕೊಳ್ಳಲಾಗದ ಕಟ್ಟು ಅದು.

ಹಾಗೆಂದು ನಮ್ಮ ಕವಿಯ ಕೈಯಲ್ಲಿ ನ್ಯಾಯ ಸಿಕ್ಕಿತು ಎಂದು ಬೀಗಬೇಕಾಗಿಲ್ಲ. ಈ ಕಾವ್ಯದ ಖಳನಾಯಕಿ ಯಶೋಧರನ ರಾಣಿ ಅಮೃತಮತಿ. ಮಾವಟಿಗನ ಹಾಡಿಗೆ ಸೋತು, ಗಂಡನಿಗೂ ಅತ್ತೆಗೂ ವಿಷ ಹಾಕಿದವಳು. ನರಬಲಿಗೆ ಸಿದ್ಧನಾಗಿ ನಿಂತ ರಾಜ ಮಾರಿದತ್ತನೇ ಈ ಕಥೆ ಕೇಳಿ ಮನಸ್ಸು ತಿರುಗಿಸಬಲ್ಲ, ಬೇಟೆಗಾರ ಯಶೋಮತಿಯೂ ತಿರುಗಬಲ್ಲ. ಅಮೃತಮತಿಗೆ ಮಾತ್ರ ನರಕವೊಂದೇ ಗತಿ. ಅವಳ ಮನಸ್ಸನ್ನು ಅಷ್ಟು ಹತ್ತಿರದಿಂದ ನೋಡಿದ ಜನ್ನ ಪಶ್ಚಾತ್ತಾಪ ಪಡಲು ಅವಳಿಗೊಂದು ಪದ್ಯದಷ್ಟೂ ಬಿಡುವು ಕೊಟ್ಟಂತೆ ಕಾಣುವುದಿಲ್ಲ. ಆಳುವ ಗಂಡಸರ ಪಾಪಕ್ಕೆ ತೊಳೆಯುವ ನೀರುಂಟು, ರಾಣಿಯ ಪಾಪಕ್ಕೆ ಇಲ್ಲ ಎಂಬ ಅಳತೆ ಇಲ್ಲಿ ಎದ್ದು ಕಾಣುತ್ತದೆ. ಖಳನಾಯಕಿಯರನ್ನೇ ಹುಡುಕಿ ಎರಡನೇ ಅವಕಾಶ ಕೊಡುವ ಇಂದಿನ ಜಪಾನಿ, ಕೊರಿಯನ್ ಕಥೆಗಳಲ್ಲಿ ಎಷ್ಟು ಹುಡುಗಾಟವಿದ್ದರೂ, ಈ ಒಂದು ವಿಷಯದಲ್ಲಿ ಅವುಗಳ ಕಡೆಗೆ ನನ್ನ ಮನಸ್ಸು ವಾಲುತ್ತದೆ.

ಇನ್ನು ಉದ್ಧಾರವೇ ಬೇಡ ಎನ್ನುವ ಖಳರೂ ಉಂಟು. ಕಾರ್ಲೊ ಝೆನ್‌ನ ‘ಸಾಗಾ ಆಫ್ ತಾನ್ಯಾ ದಿ ಈವಿಲ್’ನಲ್ಲಿ ಟೋಕಿಯೋದ ಕಂಪನಿಯೊಂದರ ಸಿಬ್ಬಂದಿ ವಿಭಾಗದ ಅಧಿಕಾರಿ ಒಬ್ಬ ನೌಕರನನ್ನು ಭಾವನೆಯಿಲ್ಲದೆ ಕೆಲಸದಿಂದ ತೆಗೆಯುತ್ತಾನೆ. ಆ ನೌಕರ ಅವನನ್ನು ರೈಲಿನ ಮುಂದೆ ತಳ್ಳುತ್ತಾನೆ. ಸಾಯುವ ಕ್ಷಣದಲ್ಲಿ ದೇವರಂಥ ಒಂದು ಶಕ್ತಿ ಎದುರಾಗಿ, ಮೊದಲ ಮಹಾಯುದ್ಧದ ಯುರೋಪನ್ನು ಹೋಲುವ ಲೋಕದಲ್ಲಿ ಅನಾಥ ಹುಡುಗಿಯಾಗಿ ಅವನನ್ನು ಹುಟ್ಟಿಸುತ್ತದೆ. ತಾನ್ಯಾ ಸೈನ್ಯ ಸೇರಿ, ಹಿಂದೆ ಕಡತಗಳ ಮೇಲೆ ಮಾಡುತ್ತಿದ್ದ ಲೆಕ್ಕಾಚಾರವನ್ನೇ ಮನುಷ್ಯರ ಜೀವದ ಮೇಲೆ ಮಾಡುತ್ತಾಳೆ. ಎಳ್ಳಷ್ಟೂ ಬದಲಾಗುವುದಿಲ್ಲ. ಮರುಹುಟ್ಟಿದ ಮಾತ್ರಕ್ಕೆ ಮನುಷ್ಯ ತಿದ್ದಿಕೊಳ್ಳುತ್ತಾನೆಂಬ ಸುಳ್ಳನ್ನು ಈ ಕೃತಿ ಹೇಳುವುದಿಲ್ಲ, ಅದಕ್ಕೆ ನನ್ನ ಮೆಚ್ಚುಗೆ. ಆದರೆ ಆ ದೇವರ ದೂರು ಏನೆಂದು ಗಮನಿಸಿ. ಇವನು ತನ್ನನ್ನು ನಂಬುವುದಿಲ್ಲ ಎಂಬುದು ಅವನ ಕೋಪ. ಶಿಕ್ಷೆಯೂ ಹಾಗೇ ಇದೆ, ತಾನ್ಯಾಳ ಬಲದ ಮಂತ್ರಯಂತ್ರ ಕೆಲಸ ಮಾಡಬೇಕಾದರೆ ಬಾಯಿಂದ ಸ್ತೋತ್ರ ಹೊರಡಲೇಬೇಕು. ನಿರ್ದಯವಾಗಿ ಕೆಲಸದಿಂದ ತೆಗೆಯಲ್ಪಟ್ಟ ಆ ನೌಕರನ ಮಾತನ್ನು ದೇವರೂ ಎತ್ತುವುದಿಲ್ಲ, ತಾನ್ಯಾಳೂ ಎತ್ತುವುದಿಲ್ಲ. ಅವನ ಗತಿ ಏನಾಯಿತೆಂದು ಕೇಳುವ ಹೊತ್ತಿಗೆ ಕಥೆ ಯುದ್ಧರಂಗ ತಲುಪಿಯಾಗಿರುತ್ತದೆ.