ಅಥಾಸ್‌ನಲ್ಲಿ ಏನೇನು ಇಲ್ಲ

2025ರ ಆಗಸ್ಟ್‌ನಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ, ಆಟಗಾರರು ಆಡಿ ನೋಡಿ ಅಭಿಪ್ರಾಯ ತಿಳಿಸಲಿ ಎಂದು ಒಂದು ಪುಟ್ಟ ಕರಡು ಹೊರಬಿಟ್ಟಿತು. ‘ಅಪೋಕ್ಯಾಲಿಪ್ಟಿಕ್ ಸಬ್‌ಕ್ಲಾಸಸ್’ ಎಂದು ಅದರ ಹೆಸರು. ಒಳಗೆ ನಾಲ್ಕೇ ಸಬ್‌ಕ್ಲಾಸ್‌ಗಳು, ಅಂದರೆ ಪಾತ್ರಗಳ ಉಪಬಗೆಗಳು: ಉಳಿದಷ್ಟು ಹಸಿರನ್ನು ಕಾಯುವ ಡ್ರೂಯಿಡ್, ಅಖಾಡದಲ್ಲಿ ಜನರ ಕೇಕೆಯ ನಡುವೆ ಕಾದುವ ಗ್ಲ್ಯಾಡಿಯೇಟರ್, ಜೀವ ಹೀರಿ ಮಾಟ ಮಾಡುವ ಸಾರ್ಸರರ್, ‘ಸಾರ್ಸರರ್-ಕಿಂಗ್’ ಎಂಬ ಮಾಂತ್ರಿಕ ದೊರೆಯಿಂದ ಶಕ್ತಿ ಪಡೆದ ವಾರ್ಲಾಕ್. ಶೀರ್ಷಿಕೆಯಲ್ಲಿ ‘ಡಾರ್ಕ್ ಸನ್’ ಎಂಬ ಹಳೆಯ ಆಟಲೋಕದ ಹೆಸರಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಂದು ರಾತ್ರಿಯೇ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವ ಕೆಲಸ ಶುರುವಾಯಿತು.

ಈ ಆಟಕ್ಕೆ ಹೊಸಬರಾದ ಓದುಗರಿಗೆ ಎರಡು ಮಾತು. ತಾಳಮದ್ದಲೆಯಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತಿದ್ದರೂ ಮಾತು ಮಾತ್ರ ಅರ್ಥಧಾರಿಗಳು ಅಲ್ಲೇ ಕೂತು ಹುಟ್ಟಿಸುತ್ತಾರಲ್ಲ, ಈ ಮೇಜಿನ ಆಟವೂ ಹಾಗೆಯೇ. ನಾಲ್ಕೈದು ಜನ ಪಾತ್ರ ವಹಿಸುತ್ತಾರೆ, ಡಿಎಂ ಎನ್ನುವ ಒಬ್ಬರು ಕಥೆ ನಡೆಸುತ್ತಾರೆ, ಅನುಮಾನ ಬಂದಲ್ಲಿ ದಾಳ ತೀರ್ಮಾನ ಹೇಳುತ್ತದೆ. ನಿಯಮಗಳಿಗೆ ಒಂದು ಪುಸ್ತಕ. ಕಥೆ ನಡೆಯುವ ಲೋಕಕ್ಕೆ, ಅಂದರೆ ಅದರ ಊರು, ದೊರೆ, ದೇವರು, ಹಣ, ಹಗೆತನಗಳಿಗೆ ಇನ್ನೊಂದು. ಈ ಎರಡನೆಯದೇ ಸೆಟ್ಟಿಂಗ್ ಪುಸ್ತಕ. ಮೂವತ್ತು ವರ್ಷಗಳಿಂದ ಒಂದೇ ಲೋಕದಲ್ಲಿ ಆಡುತ್ತಿರುವ ತಂಡಗಳಿವೆ. ಹಾಗಾಗಿ ತಮ್ಮ ಲೋಕದ ಹೊಸ ಆವೃತ್ತಿ ಬರುತ್ತದೆ ಎಂಬ ಸುಳಿವು ಸಿಕ್ಕರೆ ನಿದ್ದೆ ಕೆಡುವುದು ಸಹಜ.

ಡಾರ್ಕ್ ಸನ್ ಹುಟ್ಟಿದ್ದು 1991ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ, ಆಗ ಈ ಆಟದ ಪ್ರಕಾಶಕರಾಗಿದ್ದ ಟಿಎಸ್‌ಆರ್ ಕಂಪನಿಯಲ್ಲಿ. ಬರೆದವರು ಟಿಮತಿ ಬ್ರೌನ್ ಮತ್ತು ಟ್ರಾಯ್ ಡೆನಿಂಗ್. ಚಿತ್ರ ಬ್ರಾಮ್ ಅವರದು. ‘ಚಿತ್ರ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ತಪ್ಪಾಗುತ್ತದೆ. ಎಷ್ಟೋ ಸಲ ಬ್ರಾಮ್ ಮೊದಲು ಬರೆದಿಟ್ಟ ರೇಖೆಗಳನ್ನು ನೋಡಿ ಲೇಖಕರು ಅದಕ್ಕೆ ತಕ್ಕ ಪಾತ್ರ ಕಟ್ಟುತ್ತಿದ್ದರು. ಆ ಲೋಕದ ಮುಖ ಅವರು ಕೊಟ್ಟದ್ದೇ: ಸುಟ್ಟ ಚರ್ಮ, ಮೂಳೆಯ ಕತ್ತಿ, ಕೆಂಪಡರಿದ ಆಕಾಶ.

ಲೋಕದ ಹೆಸರು ಅಥಾಸ್. ಒಂದು ಕಾಲಕ್ಕೆ ಹಸಿರಾಗಿದ್ದ ನೆಲ. ಇಲ್ಲಿ ಮಾಂತ್ರಿಕ ಮಂತ್ರ ಹಾಕಿದಾಗ ಶಕ್ತಿ ಬರುವುದು ಸುತ್ತಲಿನ ಗಿಡಮರಗಳ ಜೀವದಿಂದ. ತಾಳ್ಮೆಯಿಂದ, ಬೇರು ಸಾಯದಷ್ಟು ಮಾತ್ರ ತೆಗೆದುಕೊಳ್ಳುವವರು ಪ್ರಿಸರ್ವರ್‌ಗಳು. ಒಂದೇ ಉಸಿರಿಗೆ ಹೀರಿ ಬೂದಿ ಮಾಡಿ ಮುಂದೆ ಹೋಗುವವರು ಡಿಫೈಲರ್‌ಗಳು. ಎರಡನೆಯವರೇ ಗೆದ್ದರು, ಲೋಕ ಮರಳುಗಾಡಾಯಿತು. ಈಗ ಟೈರ್, ಯುರಿಕ್, ಬ್ಯಾಲಿಕ್, ಗಲ್ಗ್ ಮೊದಲಾದ ಕೆಲವು ನಗರ-ರಾಜ್ಯಗಳಷ್ಟೇ ಉಳಿದಿವೆ, ಅವುಗಳ ಗದ್ದುಗೆಯಲ್ಲಿ ಸಾವಿರಾರು ವರ್ಷಗಳಿಂದ ಮಾಂತ್ರಿಕ ದೊರೆಗಳು. ಕಬ್ಬಿಣ ಅಪರೂಪ. ಆಯುಧವೆಂದರೆ ಮೂಳೆ, ಮರ, ಜ್ವಾಲಾಮುಖಿಯ ಗಾಜುಗಲ್ಲು. ನಾಣ್ಯವೆಂದರೆ ಸುಟ್ಟ ಜೇಡಿಮಣ್ಣಿನ ಬಿಲ್ಲೆ; ಒಂದನ್ನು ಹತ್ತು ಚೂರು ಮಾಡಿದರೆ ಅದೇ ಚಿಲ್ಲರೆ. ದೇವರುಗಳಿಲ್ಲ. ಪುರೋಹಿತರು ಬೆಂಕಿ, ನೀರು, ಗಾಳಿ, ಮಣ್ಣಿಗೆ ಕೈ ಮುಗಿಯುತ್ತಾರೆ. ಓರ್ಕ್‌ಗಳಿಲ್ಲ, ನೋಮ್‌ಗಳಿಲ್ಲ, ಹಿಂದಿನ ಯುದ್ಧಗಳಲ್ಲಿ ಅವರ ಕುಲವೇ ಅಳಿಸಿಹೋಗಿದೆ. ಬೇರೆ ಕಡೆ ಊಟಪ್ರಿಯ ಮುದ್ದು ಜನರಾದ ಹಾಫ್‌ಲಿಂಗ್‌ಗಳು ಇಲ್ಲಿ ನರಭಕ್ಷಕರು.

1991ರ ಮೂಲ ಪುಸ್ತಕಗಳಿದ್ದ ಪೆಟ್ಟಿಗೆಯ ನಿಯಮಗಳೂ ಇದೇ ಧಾಟಿಯವು. ಪಾತ್ರಗಳು ಮೂರನೆಯ ಲೆವೆಲ್‌ನಿಂದಲೇ ಆರಂಭ. ಸಾಮರ್ಥ್ಯದ ಅಂಕಗಳು ಎಲ್ಲ ಕಡೆಯ ಹಾಗೆ 3ರಿಂದ 18ರೊಳಗೆ ನಿಲ್ಲದೆ 5ರಿಂದ 20ಕ್ಕೆ ಏರುತ್ತಿದ್ದವು. ಉದಾರತನ ಎಂದುಕೊಳ್ಳಬೇಡಿ. ಪ್ರತಿ ಆಟಗಾರನೂ ನಾಲ್ಕು ಪಾತ್ರಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬೇಕಿತ್ತು. ಒಂದು ಆಡುವುದಕ್ಕೆ, ಮೂರು ಅದು ಸತ್ತಾಗ ಬೇಕಾಗುತ್ತದೆ ಎಂದು.

ಇನ್ನು ಸುಳಿವುಗಳ ಕಥೆಗೆ ಬರೋಣ. ಐದನೆಯ ಆವೃತ್ತಿ 2014ರಲ್ಲಿ ಬಂದ ಮೇಲೆ ಹಲವು ಹಳೆಯ ಲೋಕಗಳು ಒಂದೊಂದಾಗಿ ಮರಳಿದವು. 2019ರಲ್ಲಿ ಎಬೆರಾನ್, 2021ರಲ್ಲಿ ರೇವನ್‌ಲಾಫ್ಟ್, 2022ರಲ್ಲಿ ಸ್ಪೆಲ್‌ಜ್ಯಾಮರ್ ಮತ್ತು ಡ್ರ್ಯಾಗನ್‌ಲ್ಯಾನ್ಸ್, 2023ರಲ್ಲಿ ಪ್ಲೇನ್‌ಸ್ಕೇಪ್. ಡಾರ್ಕ್ ಸನ್ ಮಾತ್ರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತೇ ಇತ್ತು. ಅದರ ಕೊನೆಯ ಅಧಿಕೃತ ಪುಸ್ತಕಗಳು ನಾಲ್ಕನೆಯ ಆವೃತ್ತಿಯ ಕಾಲದವು, 2010ರಲ್ಲಿ ಶುರುವಾದವು.

ಹಸಿದವರಿಗೆ ಎಲ್ಲೆಲ್ಲೂ ಅನ್ನದ ವಾಸನೆ. 2015ರಲ್ಲಿ ಮನೋಶಕ್ತಿಯಿಂದ ಕಾದುವ ‘ಮಿಸ್ಟಿಕ್’ ಎಂಬ ಪಾತ್ರದ ಕರಡು ಬಂದಾಗಲೇ ಅಭಿಮಾನಿಗಳು ಕಿವಿ ನಿಮಿರಿಸಿದ್ದರು. ಅಥಾಸ್‌ನಲ್ಲಿ ಪ್ರತಿ ಪಾತ್ರಕ್ಕೂ ಒಂದಿಷ್ಟು ಮನೋಶಕ್ತಿ ಇರಲೇಬೇಕು, ಹಾಗಾಗಿ ಈ ನಿಯಮಗಳಿಲ್ಲದೆ ಆ ಪುಸ್ತಕವಿಲ್ಲ. 2017ರಲ್ಲಿ ಮಿಸ್ಟಿಕ್ ಪೂರ್ಣರೂಪದಲ್ಲಿ ಬಂತು, ಆಮೇಲೆ ಮೂಲೆಗೆ ಬಿತ್ತು. 2021ರ ಅಕ್ಟೋಬರ್‌ನ ಇನ್ನೊಂದು ಕರಡಿನಲ್ಲಿ ಥ್ರೀ-ಕ್ರೀನ್ ಕಾಣಿಸಿಕೊಂಡರು. ನಾಲ್ಕು ತೋಳಿನ, ಸೂರ್ಯನ ಕುದುರೆ ಹುಳದಂಥ ಈ ಜನ ಡಾರ್ಕ್ ಸನ್ನಿನ ಗುರುತೇ ಹೌದು. ಆದರೆ ಅದೇ ಕರಡಿನಲ್ಲಿ ಹಿಪ್ಪೊ ಮೋರೆಯ ಗಿಫ್ ಜನರೂ, ಲೋಳೆಯಂಥ ಪ್ಲಾಸ್ಮಾಯ್ಡ್‌ಗಳೂ ಇದ್ದರು. ಕರಡನ್ನು ಪೂರ್ತಿ ಓದಿದವರಿಗೆ ಅದು ಅಂತರಿಕ್ಷ ನೌಕೆಗಳ ಸ್ಪೆಲ್‌ಜ್ಯಾಮರ್ ಎಂದು ಗೊತ್ತಾಗಿತ್ತು. ಬೇಕಾದ ಒಂದೇ ಸಾಲನ್ನು ಓದಿದವರು ಮರಳುಗಾಡಿಗೆ ಟಿಕೆಟ್ ಬುಕ್ ಮಾಡಿದ್ದರು.

ತಮಾಷೆ ಎಂದರೆ 2022ರ ಸ್ಪೆಲ್‌ಜ್ಯಾಮರ್ ಪೆಟ್ಟಿಗೆ ತೆರೆದಾಗ ಅದರ ಪ್ರಾಣಿಪುಸ್ತಕದಲ್ಲಿ ಬ್ರೋಗ್, ಬ್ರಾಕ್ಸಾಟ್, ಸುರ್ರಾನ್ ಹೀಗೆ ಅಥಾಸ್‌ನ ನಿವಾಸಿಗಳು ಸಾಲಾಗಿ ಸಿಕ್ಕಿದರು. ಜೊತೆಗೆ ಬಂದ ಸಾಹಸಕಥೆಯಲ್ಲಿ ‘ಡೂಮ್‌ಸ್ಪೇಸ್’ ಎಂಬ, ಸೂರ್ಯನೇ ಸಾಯುತ್ತಿರುವ ಒಂದು ಪ್ರದೇಶ. ಇದು ಮೊದಲು ಅಥಾಸ್ ಆಗಿದ್ದು ಕೊನೆ ಗಳಿಗೆಯಲ್ಲಿ ಹೆಸರು ಬದಲಾಯಿಸಿದ್ದಾರೆ ಎಂಬ ಗುಮಾನಿ ಇಂದಿಗೂ ಹೋಗಿಲ್ಲ. ಇಂಥ ಊಹೆಗೆ ನಾನು ಮರ್ಯಾದೆ ಕೊಡುತ್ತೇನೆ, ಏಕೆಂದರೆ ಇದಕ್ಕೆ ಅಚ್ಚಾದ ಪುಟದ ಆಧಾರವಿದೆ. ಯಾರೋ ಸಂದರ್ಶನದಲ್ಲಿ ಮುಗುಳ್ನಕ್ಕರು ಎಂಬುದರಿಂದ ಹೊರಡುವ ಊಹೆಗೆ ಕೊಡುವುದಿಲ್ಲ. ಹಾಗೆ ನಕ್ಕು ಸುಳಿವು ಕೊಡುತ್ತಿದ್ದ, ಆಟದ ಹಿರಿಯ ವಿನ್ಯಾಸಕರಾದ ಜೆರೆಮಿ ಕ್ರಾಫರ್ಡ್ ಮತ್ತು ಕ್ರಿಸ್ ಪರ್ಕಿನ್ಸ್ ಇಬ್ಬರೂ 2025ರಲ್ಲಿ ಕಂಪನಿ ಬಿಟ್ಟು ಡ್ಯಾರಿಂಗ್ಟನ್ ಪ್ರೆಸ್ ಎಂಬ ಬೇರೆ ಪ್ರಕಾಶನ ಸೇರಿದ್ದಾರೆ. ಮುಖ ಓದುವ ಪಂಡಿತರಿಗೆ ಸದ್ಯ ಕೆಲಸವಿಲ್ಲ.

ಕರಡುಗಳನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಕರಡು ಬಂದ ಮೇಲೆ ಸಮೀಕ್ಷೆ ನಡೆಯುತ್ತದೆ. ನೂರಕ್ಕೆ ಎಪ್ಪತ್ತರಷ್ಟಾದರೂ ಮೆಚ್ಚುಗೆ ಬರದ ಅಂಶ ಉಳಿಯುವುದು ಕಷ್ಟ ಎಂದು ಕ್ರಾಫರ್ಡ್ ಅವರೇ ಹಿಂದೆ ಹೇಳಿದ್ದರು. 2021ರಲ್ಲಿ ಸ್ಟ್ರಿಕ್ಸ್‌ಹೇವನ್ ಎಂಬ ಮಾಂತ್ರಿಕ ವಿಶ್ವವಿದ್ಯಾಲಯದ ಪುಸ್ತಕಕ್ಕೆಂದು ಐದು ಸಬ್‌ಕ್ಲಾಸ್‌ಗಳ ಕರಡು ಬಂದಿತ್ತು. ಅದೇ ವರ್ಷ ಪುಸ್ತಕವೂ ಬಂತು. ಆ ಐದರಲ್ಲಿ ಒಂದೂ ಅದರಲ್ಲಿರಲಿಲ್ಲ. ಕರಡಿನಿಂದ ತಿಳಿಯುವುದು ಕಂಪನಿಯವರ ಮೇಜಿನ ಮೇಲೆ ಏನಿದೆ ಎಂಬುದಷ್ಟೇ; ಅಚ್ಚಿನಮನೆಗೆ ಏನು ಹೋಗುತ್ತದೆ ಎಂಬುದು ಬೇರೆ ಮಾತು.

ಇಷ್ಟಾಗಿಯೂ 2025ರ ಸುಳಿವು ಗಟ್ಟಿ. ಮೇ ತಿಂಗಳಲ್ಲಿ ಮನೋಶಕ್ತಿಯ ಸೈಯನ್ ಎಂಬ ಪಾತ್ರದ ಕರಡು, ಆಗಸ್ಟ್‌ನಲ್ಲಿ ಈ ನಾಲ್ಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಲೋಕ ನೆನಪಿಗೆ ಬರುವುದಿಲ್ಲ.

ಹಾಗಾದರೆ ಇಷ್ಟು ವರ್ಷ ಏಕೆ ಬರಲಿಲ್ಲ? ಅಥಾಸ್‌ನ ಅರ್ಥವ್ಯವಸ್ಥೆ ನಿಂತಿರುವುದೇ ಗುಲಾಮಗಿರಿಯ ಮೇಲೆ. ಮುಲ್ ಎಂಬ ಅರೆ-ಕುಬ್ಜ ಜನಾಂಗವನ್ನು ದುಡಿಮೆಗೆಂದೇ ಒತ್ತಾಯದಿಂದ ಹುಟ್ಟಿಸುತ್ತಾರೆ. ಕುಲನಾಶ ಅದರ ಚರಿತ್ರೆಯ ಅಡಿಪಾಯ. ಈ ಲೋಕದಲ್ಲಿ ತೊಡಕುಗಳಿವೆ, ಮರಳದಿರುವುದಕ್ಕೆ ಮುಖ್ಯ ಕಾರಣವೇ ಅದು ಎಂಬರ್ಥದ ಮಾತನ್ನು ಕಂಪನಿಯ ಹಿರಿಯ ಅಧಿಕಾರಿಯೊಬ್ಬರು 2023ರಲ್ಲಿ ನೇರವಾಗಿಯೇ ಆಡಿದರು. ಅವರ ಅಂಜಿಕೆಗೆ ಹಿನ್ನೆಲೆಯೂ ಇತ್ತು. ಸ್ಪೆಲ್‌ಜ್ಯಾಮರ್‌ನಲ್ಲಿ ಹಡೋಝೀ ಎಂಬ ಕೋತಿಯಂಥ ಜನರಿಗೆ ಗುಲಾಮಗಿರಿಯ ಹಿನ್ನೆಲೆ ಬರೆದು, ಅದು ವರ್ಣಭೇದದ ಹಳೆಯ ಗಾಯ ಕೆದಕಿತೆಂಬ ಆಕ್ಷೇಪ ಬಂದು, 2022ರಲ್ಲಿ ಕ್ಷಮೆ ಕೇಳಿ ಆ ಭಾಗ ತೆಗೆದುಹಾಕಬೇಕಾಯಿತು. ನನಗೆ ಕಾಣುವಂತೆ ಇವೆರಡೂ ಒಂದೇ ಅಲ್ಲ. ಅಲ್ಲಿ ಗುಲಾಮಗಿರಿ ಅಲಕ್ಷ್ಯದಿಂದ ಬಂದು ಕೂತ ಒಂದು ಪ್ಯಾರಾ. ಡಾರ್ಕ್ ಸನ್ನಿನಲ್ಲಿ ಅದನ್ನು ಒಡೆಯುವುದೇ ಕಥೆ. 1991ರಲ್ಲೇ ಬಂದ ಡೆನಿಂಗ್ ಅವರ ಮೊದಲ ಡಾರ್ಕ್ ಸನ್ ಕಾದಂಬರಿಯಲ್ಲಿ ಟೈರ್‌ನ ದೊರೆ ಕಲಾಕ್ ಸಾಯುತ್ತಾನೆ, ಗುಲಾಮರು ಬಿಡುಗಡೆಯಾಗುತ್ತಾರೆ.

ಅಲ್ಲೇ ಊಹೆಗಾರರ ಇನ್ನೊಂದು ಜಗಳವೂ ಇದೆ. ಹೊಸ ಪುಸ್ತಕ ಕಲಾಕ್ ಬದುಕಿರುವಾಗ ಶುರುವಾಗಬೇಕೋ, ಸತ್ತ ಮೇಲೋ? 1995ರ ಪರಿಷ್ಕೃತ ಪೆಟ್ಟಿಗೆ ಡೆನಿಂಗ್ ಅವರ ಐದು ಡಾರ್ಕ್ ಸನ್ ಕಾದಂಬರಿಗಳ ಘಟನೆಗಳನ್ನೆಲ್ಲ ನಡೆದುಹೋಗಿವೆ ಎಂದು ಒಪ್ಪಿಕೊಂಡಿತು. ದೊಡ್ಡ ಶತ್ರುಗಳಲ್ಲಿ ಎಷ್ಟೋ ಮಂದಿಯನ್ನು ಕಾದಂಬರಿಯ ನಾಯಕರೇ ಮುಗಿಸಿಬಿಟ್ಟಿದ್ದರು, ಮೇಜಿನ ಸುತ್ತ ಕೂತವರಿಗೆ ಉಳಿದದ್ದು ಎಂಜಲು. 2010ರ ಪುಸ್ತಕ ಜಾಣತನ ಮಾಡಿತು: ಕಲಾಕ್ ಈಗಷ್ಟೇ ಸತ್ತಿದ್ದಾನೆ, ಟೈರ್ ಈಗಷ್ಟೇ ಸ್ವತಂತ್ರ, ಬೇರೆ ದೊರೆಗಳೆಲ್ಲ ಗದ್ದುಗೆಯಲ್ಲೇ ಇದ್ದಾರೆ. ಹೊಸಬರೂ ಅಲ್ಲಿಂದಲೇ ಶುರುಮಾಡಲಿ ಎಂಬುದು ನನ್ನ ಮತ.

ಆದರೆ ಊಹೆಗಾರರು ಹೆಚ್ಚು ಚರ್ಚಿಸದ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ ನೀರು. ಐದನೆಯ ಆವೃತ್ತಿಯ 2014ರ ನಿಯಮಗಳಲ್ಲಿ ಒಂದು ಪಾತ್ರಕ್ಕೆ ದಿನಕ್ಕೆ ಒಂದು ಗ್ಯಾಲನ್ ನೀರು ಬೇಕು, ಬಿಸಿಲಿದ್ದರೆ ಎರಡು. ಸರಿ. ಈಗ ಫಸ್ಟ್ ಲೆವೆಲ್‌ನ ಡ್ರೂಯಿಡ್‌ನನ್ನು ಕರೆಯಿರಿ. ‘ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್’ ಎಂಬ ಮಂತ್ರ ಒಂದು ಸಲ ಹಾಕಿದರೆ ಹತ್ತು ಗ್ಯಾಲನ್, ಅಂದರೆ ಸುಮಾರು 38 ಲೀಟರ್ ನೀರು. ‘ಗುಡ್‌ಬೆರಿ’ ಹಾಕಿದರೆ ಹತ್ತು ಹಣ್ಣು. ಒಂದೊಂದೂ ಒಬ್ಬರಿಗೆ ದಿನದ ಊಟ. ಐದು ಜನರ ತಂಡ ಎರಡು ಮಂತ್ರದಲ್ಲಿ ಉಂಡು ಕುಡಿದು ಮಲಗಬಹುದು. ಮರಳುಗಾಡು ಅಲ್ಲಿಗೆ ಬರೀ ಬಣ್ಣದ ಪರದೆ. ಬಾವಿಗಾಗಿ ಜಗಳವಿಲ್ಲ, ನೀರು ಮಾರುವ ವರ್ತಕನ ಮುಂದೆ ಚೌಕಾಸಿಯಿಲ್ಲ, ಓಯಸಿಸ್‌ನಲ್ಲಿ ಯಾರು ಕಾದು ಕೂತಿದ್ದಾರೆ ಎಂಬ ಭಯವಿಲ್ಲ.

ಮಾಟದ ಬೆಲೆಯ ಪ್ರಶ್ನೆಯೂ ಅಂಥದ್ದೇ. ಎರಡನೆಯ ಆವೃತ್ತಿಯಲ್ಲಿ ಡಿಫೈಲರ್ ಮಂತ್ರ ಹಾಕಿದರೆ ಸುತ್ತಲಿನ ನೆಲ ಬೂದಿಯಾಗುತ್ತಿತ್ತು, ಅವನು ಮಾತ್ರ ಪ್ರಿಸರ್ವರ್‌ಗಿಂತ ಬೇಗ ಲೆವೆಲ್ ಏರುತ್ತಿದ್ದ. ಆಮಿಷ ಅವನಿಗೆ, ನಷ್ಟ ಊರಿಗೆ. 2010ರಲ್ಲಿ ಇದನ್ನು ಮೇಜಿನ ಸುತ್ತಲೇ ತಂದು ಕೂರಿಸಿದರು: ದೊಡ್ಡ ಮಂತ್ರ ಹಾಕುವಾಗ ದಾಳ ಕೈಕೊಟ್ಟರೆ ಮಾಂತ್ರಿಕ ಮತ್ತೊಮ್ಮೆ ಉರುಳಿಸಬಹುದು, ಆದರೆ ಇಪ್ಪತ್ತು ಚೌಕಗಳೊಳಗೆ ಇರುವ ಅವನ ಗೆಳೆಯರೆಲ್ಲರ ಜೀವಬಲ ಕುಗ್ಗುತ್ತದೆ. ಪಕ್ಕದಲ್ಲಿ ಕೂತ ಗೆಳತಿ “ನನ್ನ ಜೀವ ತೆಗೆದು ನಿನ್ನ ದಾಳ ಉರುಳಿಸಬೇಡ ಮಾರಾಯ” ಎಂದು ರೇಗುವಂಥ ನಿಯಮ. ಇದಕ್ಕಿಂತ ಒಳ್ಳೆಯ ಡಾರ್ಕ್ ಸನ್ ನಿಯಮ ಯಾರೂ ಬರೆದಿಲ್ಲ ಎನ್ನುತ್ತೇನೆ.

ಇಂದಿನ ಪ್ರಕಾಶನದ ದಾರಿ ಬೇರೆ. ಪ್ರತಿ ಪುಸ್ತಕವೂ ಹೊಸ ಜನಾಂಗ, ಹೊಸ ಮಂತ್ರ, ಹೊಸ ಸಲಕರಣೆ ಸೇರಿಸುತ್ತದೆ, ಸೇರಿಸಿದರೇ ಮಾರಾಟ. 2024ರ ಆಟಗಾರರ ಕೈಪಿಡಿಯಲ್ಲಿ ಓರ್ಕ್‌ಗಳೂ ನೋಮ್‌ಗಳೂ ಇದ್ದಾರೆ, ಪವಿತ್ರ ಪ್ರತಿಜ್ಞೆ ತೊಟ್ಟು ಹೋರಾಡುವ ಪ್ಯಾಲಡಿನ್ ಇದ್ದಾನೆ. ಹಣ ಕೊಟ್ಟು ಕೊಂಡವರಿಗೆ “ಈ ಲೋಕದಲ್ಲಿ ನಿಮ್ಮ ಓರ್ಕ್ ಇಲ್ಲ, ಪ್ಯಾಲಡಿನ್‌ಗೆ ಜಾಗವಿಲ್ಲ, ಗುಡ್‌ಬೆರಿ ಅರ್ಧಕ್ಕೆ ಅರ್ಧ ಕಡಿತ” ಎಂದು ಹೇಳುವ ಧೈರ್ಯ ಇದೆಯೇ? ಡಾರ್ಕ್ ಸನ್ ನಿಂತಿರುವುದು ತಾನು ಕೊಡದೆ ಇರುವುದರ ಮೇಲೆ. ಸ್ಪೆಲ್‌ಜ್ಯಾಮರ್‌ಗೆ ಕಾದವರಿಗೆ ಕೊನೆಗೆ ಸಿಕ್ಕಿದ್ದು ತಲಾ 64 ಪುಟಗಳ ಮೂರು ತೆಳು ಪುಸ್ತಕ. ನೌಕಾಯುದ್ಧದ ಲೋಕದಲ್ಲಿ ನೌಕಾಯುದ್ಧದ ನಿಯಮವೇ ಬಡಕಲು. ಹೆಸರು ಬಂತು, ಹುರುಳು ಬರಲಿಲ್ಲ.

ಕಾಯುವವರಿಗೆ ಒಂದು ದಾರಿ ಇದ್ದೇ ಇದೆ. 1991ರ ಪೆಟ್ಟಿಗೆಯ ಪಿಡಿಎಫ್ ಡಿಎಮ್ಸ್ ಗಿಲ್ಡ್ ಎಂಬ ಅಧಿಕೃತ ಮಳಿಗೆಯಲ್ಲಿ ಸಿಗುತ್ತದೆ. ಅದರೊಳಗಿನ ‘ವಾಂಡರರ್ಸ್ ಜರ್ನಲ್’ ಎಂಬ ಭಾಗವನ್ನು ಮೊದಲು ಓದಿ. ಲೋಕದ ಪರಿಚಯವನ್ನು ಅಲೆಮಾರಿಯೊಬ್ಬನ ಬಾಯಲ್ಲಿ ಹೇಳಿಸಿದ್ದಾರೆ, ಆಟ ಆಡದವರಿಗೂ ರುಚಿಸುತ್ತದೆ. ಹೊಸ ಪುಸ್ತಕ ಅಂಗಡಿಗೆ ಬಂದ ದಿನ ಮುಖಪುಟ ನೋಡಿ ಮರುಳಾಗಬೇಡಿ. ನೀರಿನ ಬಗ್ಗೆ, ಗುಡ್‌ಬೆರಿಯ ಬಗ್ಗೆ ಏನು ಬರೆದಿದ್ದಾರೆ ಹುಡುಕಿ. ಏನೂ ಬರೆದಿಲ್ಲವೆಂದರೆ ದುಡ್ಡು ಜೇಬಿನಲ್ಲೇ ಇರಲಿ.