ಮನಿ ಬಂದೈತಿ, ಜಾಗಾ ಎಲ್ಲೈತಿ?

ಆಡೂರಿನ ಕಡೆಯಿರಲಿ, ಹಾನಗಲ್ ಸೀಮೆಯ ಇನ್ನಾವ ಊರಿರಲಿ, ಕೇರಿಗೆ ಹೋದರೆ ಒಂದು ಮಾತು ಕಿವಿಗೆ ಬೀಳುತ್ತದೆ: ‘ನಮಗೂ ಮನಿ ಬಂದೈತ್ರಿ.’ ಉಳ್ಳವರು ಮನೆ ಕಟ್ಟುತ್ತಾರೆ. ನಮ್ಮವರಿಗೆ ಮನೆ ಬರುತ್ತದೆ, ಮಳೆ ಬಂದ ಹಾಗೆ, ಜ್ವರ ಬಂದ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಐವತ್ತು ವರ್ಷಗಳ ಸರ್ಕಾರಿ ವಸತಿ ನೀತಿಯನ್ನು ನಾವು ಈ ಒಂದು ಕ್ರಿಯಾಪದದಿಂದಲೇ ಓದಲು ಶುರುಮಾಡಬೇಕಾಗಿದೆ.

ಯೋಜನೆಗಳ ಹೆಸರುಗಳನ್ನೇ ನೋಡಿ. ದೇವರಾಜ ಅರಸರ ಕಾಲದ ಜನತಾ ಮನೆ. 1985ರಲ್ಲಿ ಕೇಂದ್ರದ ಇಂದಿರಾ ಆವಾಸ್. 1991-92ರಲ್ಲಿ ರಾಜ್ಯದ ಆಶ್ರಯ. ಆಮೇಲೆ ಅಂಬೇಡ್ಕರ್ ಹೆಸರಿನದು, ಬಸವನ ಹೆಸರಿನದು, ಅರಸರ ಹೆಸರಿನದು. 2016ರಿಂದ ಪ್ರಧಾನಮಂತ್ರಿ ಆವಾಸ್. ರಾಜ್ಯದಲ್ಲಿ ಇಂಥ ಯೋಜನೆಗಳನ್ನು ನಡೆಸಲೆಂದು 2000ದಲ್ಲಿ ಒಂದು ನಿಗಮವೇ ಹುಟ್ಟಿತು. ಇದರಿಂದ ಏನೂ ಆಗಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಗುಡಿಸಲಲ್ಲಿ ಹುಟ್ಟಿದ ನಮ್ಮಲ್ಲಿ ಅನೇಕರು ಅಕ್ಷರ ಕಲಿತದ್ದು ಜನತಾ ಮನೆಯ ಚಿಮಣಿ ಬೆಳಕಿನಲ್ಲಿ. ಆದರೆ ‘ಆಶ್ರಯ’ ಅಂದರೇನು? ದಿಕ್ಕಿಲ್ಲದವನಿಗೆ ದೊಡ್ಡವರು ಕೊಡುವ ನೆರಳು. ‘ಫಲಾನುಭವಿ’ ಅಂದರೇನು? ಯಾರೋ ನೆಟ್ಟ ಮರದ ಹಣ್ಣು ತಿನ್ನುವವನು. ಊರಿನ ಎಲ್ಲ ಗೋಡೆಗಳಿಗೆ ಕಲ್ಲು ಹೊತ್ತವರು, ಎಲ್ಲ ಹೊಲಗಳಿಗೆ ಬೆವರು ಬಸಿದವರು ತಮ್ಮ ಮನೆಗೆ ಮಾತ್ರ ಫಲಾನುಭವಿಗಳು! ಇಲ್ಲಿ ಮರ ನೆಟ್ಟವರು ಯಾರು, ಹಣ್ಣು ತಿಂದವರು ಯಾರು, ಗೆಳೆಯರೇ?

ಮಾತಿನ ಮೋಸ ಪಕ್ಕಕ್ಕಿರಲಿ, ಜಾಗದ ಮಾತಿಗೆ ಬರೋಣ. ಆಡೂರಿನಲ್ಲಿ ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಕಾಲದ ಶಾಸನ ಸಿಕ್ಕಿದೆ. ಜಿನಾಲಯಕ್ಕೆ ಭೂಮಿ ಬಿಟ್ಟದ್ದನ್ನು ಅದು ಹೇಳುತ್ತದೆ. ದೇವರ ಜಾಗಕ್ಕೆ ಸಾವಿರ ವರ್ಷ ಮೀರಿದ ಕಲ್ಲಿನ ಹಕ್ಕುಪತ್ರವಿದೆ. ಆ ಭೂಮಿಯನ್ನು ಉತ್ತವರು ರಾತ್ರಿ ಎಲ್ಲಿ ಮಲಗಿದರು ಎಂಬುದನ್ನು ಕಲ್ಲಿನಲ್ಲಿ ಬರೆಸಬೇಕೆಂದು ಯಾವ ದೊರೆಗೂ ಅನ್ನಿಸಲಿಲ್ಲ. ಅವರ ಮೊಮ್ಮಕ್ಕಳು ಇವತ್ತು ಪಂಚಾಯ್ತಿಗೆ ಹೋದರೆ ಮೊದಲ ಪ್ರಶ್ನೆ: ‘ಜಾಗದ ಉತಾರ ತಂದೀಯೇನು?’

ಜಾಗ ಇಲ್ಲದವರಿಗೆ ರಾಜ್ಯವೇ ಜಾಗ ಕೊಡಬೇಕು ಅಂತ ಕೇಂದ್ರದ ಯೋಜನೆಯ ನಿಯಮವೇ ಹೇಳುತ್ತದೆ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಬಡವರಿಗೆ ಹಕ್ಕುಪತ್ರ ಕೊಡಲು ಭೂಕಂದಾಯ ಕಾಯ್ದೆಯಲ್ಲಿ 94ಸಿ ಇದೆ. ಕಾಗದ ಹೀಗಿದ್ದರೂ ಒಂದೇ ಗುಡಿಸಲಲ್ಲಿ ಮೂರು ಒಲೆ ಹಚ್ಚುವ ಕುಟುಂಬಗಳು ‘ಜಾಗಾ ಇಲ್ಲ’ ಎಂಬ ಒಂದೇ ಮಾತಿಗೆ ಪಟ್ಟಿಯಿಂದ ಹೊರಗುಳಿಯುತ್ತವೆ. ಹೋರಾಡಿ ಜಾಗ ಪಡೆದರೆ ಅದು ಸಿಗುವುದೆಲ್ಲಿ? ಹಳ್ಳದ ದಂಡೆಗೆ, ಸುಡುಗಾಡಿನ ಮಗ್ಗುಲಿಗೆ. ಹಳೆಯ ಕೇರಿಗೆ ‘ಕಾಲನಿ’ ಎಂಬ ಹೊಸ ಬೋರ್ಡು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹಾಡಿಹೊಗಳಲು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎಂದು ಕೇಳುವವರು ಈ ಬೋರ್ಡನ್ನು ನೋಡಬೇಕು. ಜಾತಿ ಎಳೆದ ಗೆರೆಯ ಮೇಲೆಯೇ ಸರ್ಕಾರ ಸಿಮೆಂಟು ಹಾಕಿದೆ.

ಇನ್ನು ದುಡ್ಡಿನ ಲೆಕ್ಕ. 2016ರಿಂದ ಕೇಂದ್ರದ ಗ್ರಾಮೀಣ ಯೋಜನೆ ಬಯಲುಸೀಮೆಯ ಒಂದು ಮನೆಗೆ ಕೊಡುವುದು 1,20,000 ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಮೇಷ್ಟ್ರುಗಳೇ, ಮಕ್ಕಳ ಕೈಲಿ ಭಾಗಾಕಾರ ಮಾಡಿಸಿ: ಚದರ ಅಡಿಗೆ 450 ರೂಪಾಯಿಯೂ ಬೀಳುವುದಿಲ್ಲ. 2024ರಲ್ಲಿ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಾಗಲೂ ಈ ಮೊತ್ತ ಏರಲಿಲ್ಲ. ಆ ಎಂಟು ವರ್ಷ ಸಿಮೆಂಟು, ಕಬ್ಬಿಣ, ಉಸುಕು, ಗೌಂಡಿಯ ಪಗಾರ ಸುಮ್ಮನೆ ಕೂತಿದ್ದವೇ? ಒಂದು ಮನೆಗೆ ಎಷ್ಟು ಬೇಕೆಂಬುದು ಆಳುವವರಿಗೆ ಗೊತ್ತಿಲ್ಲದ ಮಾತಲ್ಲ. 2019ರ ಆಗಸ್ಟ್ ಮಳೆಗೆ ನಮ್ಮ ಹಾವೇರಿ ಜಿಲ್ಲೆಯಲ್ಲಿ ಮಣ್ಣಿನ ಗೋಡೆಗಳು ಕುಸಿದಾಗ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ರಾಜ್ಯ ಸರ್ಕಾರವೇ ಘೋಷಿಸಿತು. ಅಂದರೆ ಮಳೆಗೆ ಬಿದ್ದ ಮನೆಯ ಬೆಲೆ 5 ಲಕ್ಷ. ಹುಟ್ಟಿದಾಗಿನಿಂದ ಮನೆಯೇ ಇಲ್ಲದವನ ಬೆಲೆ 1,20,000! ಕೂಲಿಯ ಬಾಬ್ತು ಒಂದಿಷ್ಟು, ಪರಿಶಿಷ್ಟರಿಗೆ ರಾಜ್ಯದ ಪಾಲು ಒಂದಿಷ್ಟು ಸೇರುತ್ತದೆ, ನಿಜ. ಎಲ್ಲ ಸೇರಿಸಿದರೂ ಅದು 5 ಲಕ್ಷದ ಅರ್ಧಕ್ಕೆ ಮುಟ್ಟುವುದಿಲ್ಲ.

ಅದೂ ಒಮ್ಮೆಗೇ ಕೈಗೆ ಬರುವುದಿಲ್ಲ. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಎಂದು ಹಂತಗಳಿವೆ. ಹಂತ ಮುಗಿಸಬೇಕು, ಫೋಟೋ ತೆಗೆಸಬೇಕು, ಆಮೇಲೆ ಬಿಲ್ಲು. ಕೂಲಿಕಾರ ತಳಪಾಯದ ದುಡ್ಡನ್ನು ಎಲ್ಲಿಂದ ತರಬೇಕು? ಯಾರ ಹೊಲದಲ್ಲಿ ದುಡಿಯುತ್ತಾನೋ ಅವರ ಪಡಸಾಲೆಯ ಮುಂದೆಯೇ ನಿಲ್ಲಬೇಕು. ಬಿಲ್ಲು ಬಂದಾಗ ಅಸಲು ಬಡ್ಡಿಗೆ ಸರಿ. ಗೋಡೆ ಎದ್ದು ಛಾವಣಿ ಕಾಣದೆ ನಿಂತ ಮನೆಗಳನ್ನು ತೋರಿಸಿ ‘ಇವರಿಗೆ ಕೊಟ್ಟರೂ ಕಟ್ಟಿಕೊಳ್ಳಲ್ಲ’ ಎನ್ನುವವರು ಆ ಪಡಸಾಲೆಯ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ. ನಮ್ಮವರು ಮನೆ ಕಟ್ಟಲು ಹೋಗಿ ಮತ್ತೆ ಜೀತ ನೋಡುತ್ತಿದ್ದಾರೆ.

ಹಾಗಾದರೆ ನಾವೇನು ಮಾಡಬೇಕು? ಯೋಜನೆಯೇ ಬೇಡ ಎಂದು ಕೂರುವುದು ಹೊಟ್ಟೆ ತುಂಬಿದವರ ಬಂಡಾಯ. ನಮಗೆ ಮನೆ ಬೇಕು, ಹಕ್ಕಾಗಿ ಬೇಕು. ಮೊದಲು ಜಾಗ, ಆ ಜಾಗ ಊರೊಳಗೆ. ತಳಪಾಯ ತೋಡುವ ಮುನ್ನವೇ ಮೊದಲ ಕಂತು. ಬಿದ್ದ ಮನೆಗೂ ಇಲ್ಲದ ಮನೆಗೂ ಒಂದೇ ದರ. ಪಟ್ಟಿ ಆರಿಸುವುದು ಗ್ರಾಮಸಭೆಯ ಕೆಲಸ. ಅಂದಿನ ಕೂಲಿ ಬಿಟ್ಟು ನಮ್ಮವರು ಅಲ್ಲಿಗೆ ಬರಲಾಗದು ಎಂದು ಗೊತ್ತಿದ್ದೇ ಹಗಲಿನಲ್ಲಿ ಸಭೆ ಕರೆಯುತ್ತಾರೆ. ವಿದ್ಯಾರ್ಥಿಗಳು, ಮೇಷ್ಟ್ರುಗಳು ಕೇರಿಯ ಕಟ್ಟೆಯ ಮೇಲೆ ಸಂಜೆ ಆ ಪಟ್ಟಿಯನ್ನು ಗಟ್ಟಿಯಾಗಿ ಓದಲಿ. ಯಾರ ಹೆಸರಿದೆ, ಯಾರದಿಲ್ಲ ಎಂಬುದು ಎಲ್ಲರಿಗೂ ಕೇಳಲಿ.

ಆಗ ಹಿಂದಿನ ಸಾಲಿನಿಂದ ಒಬ್ಬ ಅವ್ವ ಕೇಳಿಯೇ ಕೇಳುತ್ತಾಳೆ: ‘ಮನಿ ಬಂದೈತಿ ಅಂತೀರಿ ತಮ್ಮಾ, ಜಾಗಾ ಎಲ್ಲೈತಿ?’ ಆ ಪ್ರಶ್ನೆಯನ್ನು ಹಾನಗಲ್ಲಿನ ತಾಲೂಕು ಕಚೇರಿಯ ಮುಂದೆ ನೂರು ಅವ್ವಂದಿರು ಒಟ್ಟಾಗಿ ಕೇಳುವಂತೆ ಮಾಡುವುದೇ ಸದ್ಯ ನಮ್ಮ ಮುಂದಿರುವ ಕೆಲಸ.