ಹಳ್ಳೂರಿನ ಮಡಕೆಯಲ್ಲಿ ಮಲಗಿದ ಮಕ್ಕಳು

ಹಿರೇಕೆರೂರು ಸೀಮೆಯ ಹಳ್ಳೂರಿನ ಹೆಸರೆತ್ತಿದರೆ ಮಾತು ಕಬ್ಬಿಣದ ಕಡೆ ಹೊರಳುತ್ತದೆ, ಇಲ್ಲವೇ ಕುದುರೆಯ ಕಡೆ. ತುಂಗಭದ್ರೆಯ ದಂಡೆಯ ಆ ದಿಬ್ಬದಲ್ಲಿ 1965ರಲ್ಲಿ ಎಂ. ಎಸ್. ನಾಗರಾಜ ರಾವ್ ಉತ್ಖನನ ನಡೆಸಿದರು. ಸಿಕ್ಕ ಕಬ್ಬಿಣದ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ಅಲ್ಲಿನ ಎಲುಬುಗಳಲ್ಲಿ ಕೆ. ಆರ್. ಆಲೂರರು ಕುದುರೆಯದನ್ನು ಗುರುತಿಸಿದ ಮೇಲಂತೂ ಆರ್ಯರ ಆಗಮನದ ಚರ್ಚೆಗೇ ಬಿಸಿ ಏರಿತು. ಈ ಗದ್ದಲದಲ್ಲಿ ಅಲ್ಲಿ ಹೂತಿದ್ದ ಮಕ್ಕಳನ್ನು ಕೇಳುವವರಿಲ್ಲದಾಯಿತು. ಹಳ್ಳೂರು ಕೊಟ್ಟ ಸಾಕ್ಷ್ಯಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅವರೇ.

ನವಶಿಲಾಯುಗದ ಆ ಊರಿನವರು ದುಂಡು ಗುಡಿಸಲಲ್ಲಿದ್ದು ದನ ಸಾಕುತ್ತಿದ್ದರು. ಎಳೆಯ ಮಗು ತೀರಿಕೊಂಡರೆ ಮಡಕೆಯಲ್ಲಿಟ್ಟು ತಾವಿರುವ ನೆಲದಲ್ಲೇ ಹೂಳುತ್ತಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಬ್ರಹ್ಮಗಿರಿಯಲ್ಲೂ ಇದೇ ಪದ್ಧತಿ ಕಂಡಿತ್ತು. ದೊಡ್ಡವರಿಗೆ ಬೇರೆ ಕ್ರಮ: ಗುಂಡಿಯಲ್ಲಿ ಉದ್ದಕ್ಕೆ ಮಲಗಿಸುವುದು.

ಮಡಕೆಯೆಂದರೆ ತಾಯ ಗರ್ಭ, ಮಗು ಮರಳಿ ಹುಟ್ಟಲೆಂಬ ಆಸೆ ಎಂದು ಅರ್ಥ ಹೇಳುವವರಿದ್ದಾರೆ. ಸೊಗಸಾದ ಅರ್ಥ, ಆದರೆ ಇಷ್ಟು ಸುಲಭವಾಗಿ ಒಪ್ಪಲಾರೆ. ಮಣ್ಣಿನಲ್ಲಿ ಉಳಿಯುವುದು ಮಾಡಿದ ಕೆಲಸ, ಮನಸ್ಸಿನ ನಂಬಿಕೆಯಲ್ಲ. ಇರಾಕಿನ ಶಾನಿದರ್ ಗವಿಯ ಪಾಠ ಮುಂದಿದೆ. ನಿಯಾಂಡರ್ತಲ್ ಶವದ ಬಳಿಯ ಪರಾಗ ನೋಡಿ ರಾಲ್ಫ್ ಸೊಲೆಕಿ ಹೂವಿನ ಸಮಾಧಿ ಎಂದರು; ಬಿಲ ತೋಡುವ ಇಲಿಜಾತಿಯ ಪ್ರಾಣಿಗಳೂ ಆ ಪರಾಗವನ್ನು ತಂದಿರಬಹುದೆಂದು ಆಮೇಲಿನವರು ಆಕ್ಷೇಪಿಸಿದರು.

ಸತ್ತವರನ್ನು ಹತ್ತಿರ ಇಟ್ಟುಕೊಳ್ಳುವುದು ಊರು ಕಟ್ಟಿದವರಿಂದ ಶುರುವಾಯಿತು, ಬೇಟೆಯಾಡಿ ಬದುಕುತ್ತಿದ್ದವರು ಹೆಣ ಬಿಟ್ಟು ಮುಂದೆ ನಡೆಯುತ್ತಿದ್ದರು ಎಂಬ ಮಾತಂತೂ ಶುದ್ಧ ತಪ್ಪು. ಉತ್ತರಪ್ರದೇಶದ ಪ್ರತಾಪಗಡ ಜಿಲ್ಲೆಯ ಮಹದಹಾ, ದಮ್‌ದಮಾ, ಸರಾಯ್ ನಾಹರ್ ರಾಯ್ ನೆಲೆಗಳು ಮಧ್ಯಶಿಲಾಯುಗದ ಬೇಟೆಗಾರರವು. ದಮ್‌ದಮಾ ಒಂದರಲ್ಲೇ 41 ಸಮಾಧಿಗಳು ಸಿಕ್ಕಿವೆ, ಕೆಲವು ಗುಂಡಿಗಳಲ್ಲಿ ಇಬ್ಬರು ಜೊತೆಯಾಗಿದ್ದಾರೆ. ಮಹದಹಾದಲ್ಲಿ ಎಲುಬಿನ ಒಡವೆ ತೊಡಿಸಿ ಮಲಗಿಸಿದ್ದಾರೆ. ಒಲೆ ಉರಿದ ಜಾಗ, ಹೂತ ಜಾಗ ಎರಡೂ ಅಕ್ಕಪಕ್ಕದಲ್ಲಿವೆ. ಹೊಲವಿಲ್ಲದ, ಮಡಕೆಯನ್ನೂ ಮಾಡದ ಜನರ ಕೆಲಸವಿದು. ಸತ್ತವರನ್ನು ಹತ್ತಿರವೇ ಹೂಳುವ ರೂಢಿ ಹಳ್ಳೂರಿಗಿಂತ ಸಾವಿರಾರು ವರ್ಷ ಹಳೆಯದು.

ಹಳ್ಳೂರಿನಂಥ ಊರುಗಳಲ್ಲಿ ಎದ್ದು ಕಾಣುವುದು ವಯಸ್ಸು ನೋಡಿ ಕ್ರಮ ಬೇರೆ ಮಾಡಿದ್ದು. ನಾವು ಹಿರೇಬೆಣಕಲ್ಲಿನ ಬೃಹತ್ ಶಿಲಾಗೋರಿಗಳ ಮುಂದೆ ಬೆರಗಾಗಿ ನಿಲ್ಲುತ್ತೇವೆ. ಅಷ್ಟು ದೊಡ್ಡ ಚಪ್ಪಡಿ ಎತ್ತಿಸಲು ಆಳುಗಳು ಬೇಕು, ಎತ್ತಿಸಿದ್ದು ನಾಲ್ಕೂರಿಗೆ ಕಾಣುತ್ತದೆ. ಅದರಲ್ಲಿ ಬದುಕಿದ್ದವರ ಪ್ರತಿಷ್ಠೆಯೂ ಸೇರಿರಬಹುದು. ನೆಲದಡಿಯ ಮಡಕೆ ಯಾರಿಗೂ ಕಾಣುವಂಥದ್ದಲ್ಲ. ಇನ್ನೂ ಹೆಸರು ಗಳಿಸದ ಕೂಸಿಗಾಗಿ ಯಾರೋ ಅಡುಗೆಗೋ ಕಾಳಿಗೋ ಬೇಕಾದ ಮಡಕೆಯೊಂದನ್ನು ಬಿಟ್ಟುಕೊಟ್ಟಿದ್ದಾರೆ. ಮರುಹುಟ್ಟಿನ ಕಥೆ ಕಟ್ಟದೆಯೂ ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಹಾನಗಲ್ಲು, ಶಿಗ್ಗಾಂವಿ, ಸವಣೂರುಗಳ ಕಡೆ ಹಿರಿಯರನ್ನು ಸುಡುವ ಮನೆಗಳಲ್ಲೂ ಎಳೆಗೂಸನ್ನು ಹೂಳುವುದುಂಟು. ಅದನ್ನು ಹಳ್ಳೂರಿಗೆ ನೇರ ಗಂಟು ಹಾಕುವುದು ಬೇಡ, ನಡುವೆ ಮೂರು ಸಾವಿರ ವರ್ಷ ಹರಿದುಹೋಗಿದೆ. ಆದರೆ ಈ ತಾಲ್ಲೂಕುಗಳ ಮಕ್ಕಳಿಗೆ ಹಳ್ಳೂರಿನ ಪಾಠ ಹೇಳುವಾಗ ಕಬ್ಬಿಣದ ಬಾಣಕ್ಕಿಂತ ಮೊದಲು ಆ ಮಡಕೆಯನ್ನು ತೋರಿಸಬೇಕು.